ಚಿಕ್ಕ ಚಿತ್ರದಿಂದ ನೋಡಲು ಶುರುಮಾಡಿ: ಸ್ವತಂತ್ರ ಕನ್ನಡ ಸಿನಿಮಾ ರಸಿಕರಿಗೊಂದು ಕೈಪಿಡಿ

ಚಿಕ್ಕಮಗಳೂರು ಜಿಲ್ಲೆಯ ಮಲ್ಲಂದೂರಿನ ಸುತ್ತಮುತ್ತ ಬೆಳೆದವರಿಗೆ ಸಿನಿಮಾ ಶೂಟಿಂಗ್ ಹೊಸದಲ್ಲ. ಮುಳ್ಳಯ್ಯನಗಿರಿಯ ಇಳಿಜಾರು, ಬಾಬಾಬುಡನ್‌ಗಿರಿಯ ಮಂಜು ಎಷ್ಟೋ ಹಾಡುಗಳ ಬೆನ್ನಿಗೆ ನಿಂತಿವೆ. ಹಾಡು ಮುಗಿದ ಮೇಲೆ ಇಲ್ಲಿ ಬದುಕುವವರ ಮುಖ ತೆರೆಯ ಮೇಲೆ ಕಾಣುವುದು ಅಪರೂಪ. ಊರನ್ನೂ ಊರಿನವರನ್ನೂ ಒಟ್ಟಿಗೆ ತೋರಿಸುವ ಸಿನಿಮಾ ಕನ್ನಡದಲ್ಲಿ ಇದೆ. ಅದನ್ನು ಮಾಡುತ್ತಿರುವವರಲ್ಲಿ ಹೆಚ್ಚಿನವರು ಕಡಿಮೆ ಹಣದ, ದೊಡ್ಡ ತಾರೆಯರ ಹಂಗಿಲ್ಲದ ಹೊಸ ನಿರ್ದೇಶಕರು.

ಇಂಥ ಚಿತ್ರವನ್ನು ಮೊದಲ ಸಲ ನೋಡಿದವರು ‘ನಿಧಾನ’ ಎನ್ನುತ್ತಾರೆ, ‘ಕಥೆಯೇ ಇಲ್ಲ’ ಎನ್ನುತ್ತಾರೆ. ನೋಡುವ ಅಭ್ಯಾಸ ಬದಲಾದರೆ ಈ ದೂರು ತಾನಾಗಿ ಕರಗುತ್ತದೆ. ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಒಂದೇ: ನಿರ್ದೇಶಕ ವಿದ್ಯಾರ್ಥಿಯಾಗಿ ಮಾಡಿದ ಕಿರುಚಿತ್ರದಿಂದ ಶುರುಮಾಡಿ ಅವರ ದೊಡ್ಡ ಚಿತ್ರದವರೆಗೆ ಜೊತೆಯಲ್ಲಿ ನಡೆಯುವುದು. ಚಿಕ್ಕ ಚಿತ್ರದಲ್ಲಿ ಕೊರತೆ ಕಲಿಸಿದ ಪಾಠ, ದೊಡ್ಡ ಚಿತ್ರದಲ್ಲಿ ನಿರ್ದೇಶಕರ ನಿಲುವಾಗಿ ನಿಲ್ಲುತ್ತದೆ. ಆ ನಿಲುವನ್ನು ಗುರುತಿಸಲು ಬಂದರೆ ನೀವು ರಸಿಕರಾದಿರಿ.

ಮೊದಲು ಬೇರು

ನರ್ಸರಿಯಿಂದ ಕಾಫಿ ಗಿಡ ತರುವ ಬೆಳೆಗಾರ ಎಲೆಯ ಹೊಳಪಿಗೆ ಮರುಳಾಗುವುದಿಲ್ಲ, ತಾಯಿಬೇರು ನೆಟ್ಟಗಿದೆಯೇ ನೋಡುತ್ತಾನೆ. ನಿರ್ದೇಶಕರ ತಾಯಿಬೇರು ಇರುವುದು ಅವರ ಕಿರುಚಿತ್ರದಲ್ಲಿ.

ಚಿದಾನಂದ ಎಸ್. ನಾಯ್ಕ ಮೈಸೂರಿನಲ್ಲಿ ವೈದ್ಯಕೀಯ ಓದಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಒಂದು ವರ್ಷದ ಟೆಲಿವಿಷನ್ ಕೋರ್ಸಿಗೆ ಸೇರಿದವರು. ಕೋರ್ಸಿನ ಕೊನೆಗೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ, ಈ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಒಂದು ಚಿತ್ರ ಮಾಡಬೇಕು. ಅವರ ತಂಡ 4 ದಿನದಲ್ಲಿ ಚಿತ್ರೀಕರಿಸಿದ 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. ಅಜ್ಜಿ ಮತ್ತು ಹುಂಜದ ಕಥೆ ಕೇಳದ ಕನ್ನಡದ ಮಕ್ಕಳು ಕಡಿಮೆ. ಎಲ್ಲರಿಗೂ ಗೊತ್ತಿರುವ ಆ ಕಥೆಯನ್ನು ಇಡೀ ಚಿತ್ರವೇ ಕತ್ತಲಲ್ಲಿ ನಡೆಯುವಂತೆ ತಿರುಗಿಸಿದ್ದೇ ಇಲ್ಲಿನ ದೊಡ್ಡ ನಿರ್ಧಾರ. ನೋಡುವಾಗ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಯಾವ ಮುಖದ ಮೇಲೆ ಬಿತ್ತು, ಯಾವ ಮುಖವನ್ನು ಬಿಟ್ಟಿತು? ಕಥೆಯ ಅರ್ಧ ಭಾಗ ಆ ಉತ್ತರದಲ್ಲಿದೆ.

ಯಾರ ಕಣ್ಣು?

ಎರಡನೆಯ ಪ್ರಶ್ನೆ, ನಾವು ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದು. ಇದನ್ನು ಕಲಿಯಲು ಗಿರೀಶ್ ಕಾಸರವಳ್ಳಿಯವರಿಗಿಂತ ಒಳ್ಳೆಯ ಗುರು ಸಿಗಲಾರರು. ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ, ಮಣಿಪಾಲದಲ್ಲಿ ಫಾರ್ಮಸಿ ಓದಿ, ಪುಣೆಯ ಅದೇ ಇನ್‌ಸ್ಟಿಟ್ಯೂಟಿಗೆ ಹೋದವರು ಅವರು. ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದರು. 1977ರ ಮೊದಲ ಚಿತ್ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂದಾಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಈ ಕಪ್ಪು ಬಿಳುಪು ಚಿತ್ರದಲ್ಲಿ ವಿಧವೆ ಯಮುನಕ್ಕನ ಪಾಡನ್ನು ನಾವು ಕಾಣುವುದು ನಾಣಿ ಎಂಬ ಹುಡುಗನ ಮೂಲಕ. ದೊಡ್ಡವರು ಪಿಸುಗುಟ್ಟುವುದು ಅವನ ಕಿವಿಗೆ ಬೀಳುತ್ತದೆ, ಅರ್ಥ ಪೂರ್ತಿ ಆಗುವುದಿಲ್ಲ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು. ಆ ನಡುವಿನ ಅಂತರದಲ್ಲೇ ಸಂಕಟ ಹುಟ್ಟುತ್ತದೆ. ಯಾರೂ ಭಾಷಣ ಮಾಡಬೇಕಾಗಿಲ್ಲ. ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೆರೆಕಂಡಿತು. ಅರ್ಧ ಶತಮಾನ ಕಳೆಯುತ್ತ ಬಂದರೂ ಅದು ಹಳತಾಗಿಲ್ಲ, ಏಕೆಂದರೆ ಆ ಕಣ್ಣಿನ ಆಯ್ಕೆ ಅಷ್ಟು ನಿಖರ.

ಮುಖಗಳು ಎಲ್ಲಿಂದ ಬಂದವು?

ರಾಮ್ ರೆಡ್ಡಿ ಪ್ರಾಗ್ ನಗರದ ಫಿಲ್ಮ್ ಸ್ಕೂಲಿನಲ್ಲಿ ಕಲಿತವರು. ‘ಈಕ’ ಎಂಬ ತೆಲುಗು ಕಿರುಚಿತ್ರ ಮಾಡಿದ್ದರು. ಮೊದಲ ದೊಡ್ಡ ಚಿತ್ರಕ್ಕೆ ಅವರು ಹೋದದ್ದು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿಗೆ. ಅದೇ ಊರಿನ ಈರೇಗೌಡರು ಜೊತೆಯಲ್ಲಿ ಕಥೆ ಬರೆದರು. ನಟನೆಯ ಗಂಧವಿಲ್ಲದ ಊರವರನ್ನೇ ಆರಿಸಿ, ಅವರ ನಡೆನುಡಿಗೆ ಹೊಂದುವಂತೆ ಪಾತ್ರ ಕಟ್ಟಿದರು. 101 ವರ್ಷದ ಸೆಂಚುರಿ ಗೌಡ ಸತ್ತಮೇಲೆ ಹನ್ನೊಂದನೆಯ ದಿನದ ತಿಥಿಯವರೆಗೆ ಮಗ, ಮೊಮ್ಮಗ, ಮರಿಮಗ ಏನೇನು ಮಾಡುತ್ತಾರೆ ಎಂಬುದೇ ‘ತಿಥಿ’. 2015ರಲ್ಲಿ ಲೊಕಾರ್ನೊದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಪ್ರಶಸ್ತಿ ಗೆದ್ದಿತು. ಈರೇಗೌಡರು ಮುಂದೆ ತಾವೇ ‘ಬಳೆಕೆಂಪ’ ನಿರ್ದೇಶಿಸಿ, 2018ರಲ್ಲಿ ರಾಟರ್‌ಡ್ಯಾಮಿನಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದರು.

ಶಿರಸಿ ಕಡೆಯ ನಟೇಶ್ ಹೆಗಡೆ ಸಿನಿಮಾ ಶಾಲೆಗೆ ಹೋದವರಲ್ಲ. ಕಿರುಚಿತ್ರಗಳೇ ಅವರ ಶಾಲೆ. 2021ರಲ್ಲಿ ಬುಸಾನಿನಲ್ಲಿ ಮೊದಲು ತೆರೆಕಂಡ ‘ಪೆಡ್ರೊ’ದ ಮುಖ್ಯ ಪಾತ್ರಕ್ಕೆ ಸ್ವಂತ ತಂದೆ ಗೋಪಾಲ ಹೆಗಡೆಯವರನ್ನೇ ನಿಲ್ಲಿಸಿದರು. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಚಿತ್ರ. ಬಿಸಿಯೂಟದ ಅಡುಗೆಯಾಕೆ ಗಂಡನ ಕಾಯಿಲೆ ವಾಸಿಮಾಡಲು ಶಕ್ತಿಪುಡಿ ಮಾರುವ ಚೈನು ವ್ಯಾಪಾರಕ್ಕೆ ಬೀಳುವ ಈ ಕಥೆ 2022ರಲ್ಲಿ ಬುಸಾನಿನ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು.

ಇಂಥವರ ನಟನೆಯನ್ನು ನಾಟಕದ ಅಳತೆಗೋಲಿನಿಂದ ಅಳೆಯಬೇಡಿ. ಮುಖದ ಬದಲು ಕೈ ನೋಡಿ. ಬೀಡಿ ಹಚ್ಚುವ, ಹಗ್ಗ ಬಿಗಿಯುವ, ಪಾತ್ರೆ ತಿಕ್ಕುವ ಕೈ ಸುಳ್ಳು ಹೇಳದು. ಯಾವ ಕೆಲಸದಲ್ಲಿ ಪಳಗಿದ ಕೈ ಯಾವುದು ಎಂದು ಗುರುತಿಸುವಲ್ಲಿ ತೋಟದ ಊರಿನವರು ಪಟ್ಟಣದ ವಿಮರ್ಶಕರಿಗಿಂತ ಮುಂದೆ.

ಕಿವಿ ತೆರೆದಿರಲಿ

ಹಿನ್ನೆಲೆ ಸಂಗೀತ ನಮಗೆ ಎಲ್ಲಿ ಅಳಬೇಕು, ಎಲ್ಲಿ ಹೆದರಬೇಕು ಎಂದು ಹೇಳಿಕೊಡುತ್ತದೆ. ಈ ಚಿತ್ರಗಳಲ್ಲಿ ಅನೇಕವು ಆ ಊರುಗೋಲನ್ನು ಕೈಬಿಟ್ಟಿವೆ. ಜಾಗದಲ್ಲೇ ಧ್ವನಿಮುದ್ರಿಸಿದರೆ ದೂರದ ಮೋಟಾರು, ಕೋಳಿ, ಮಳೆ ಎಲ್ಲವೂ ಪಾತ್ರಗಳಾಗುತ್ತವೆ. ಒಂದು ದೃಶ್ಯವನ್ನು ಕಣ್ಣು ಮುಚ್ಚಿ ಕೇಳಿ. ಹೊತ್ತು ಯಾವುದು, ಕಾಲ ಯಾವುದು, ಮನೆ ಒಂಟಿಯೋ ಕೇರಿಯ ನಡುವಿನದೋ ಎಂದು ಕಿವಿಗೇ ತಿಳಿದರೆ ಧ್ವನಿಯವರು ಗೆದ್ದರು ಎಂದರ್ಥ. ಮುಂಗಾರು ಮಳೆಗೂ ಕಾಫಿಯ ಹೂಮಳೆಗೂ ಸದ್ದಿನಲ್ಲೇ ವ್ಯತ್ಯಾಸ ಬಲ್ಲ ಮಲೆನಾಡಿನ ಕಿವಿಗೆ ಇದು ಕಷ್ಟವಲ್ಲ.

ಓದಿ, ಆಮೇಲೆ ನೋಡಿ

ಈ ಜಿಲ್ಲೆಯವರಿಗೆ ಇನ್ನೊಂದು ಸುಲಭದ ಪಾಠವಿದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಎಂಬ ಒಂದೇ ಸಂಕಲನದಿಂದ ನಾಲ್ಕು ಚಿತ್ರಗಳು ಬಂದಿವೆ. ಎನ್. ಲಕ್ಷ್ಮೀನಾರಾಯಣ ಅವರ ‘ಅಬಚೂರಿನ ಪೋಸ್ಟಾಫೀಸು’, ಕಾಸರವಳ್ಳಿಯವರ ‘ತಬರನ ಕಥೆ’, ಸದಾನಂದ ಸುವರ್ಣರ ‘ಕುಬಿ ಮತ್ತು ಇಯಾಲ’, ಶಶಾಂಕ್ ಸೋಗಾಲ್ ಅವರ ‘ಡೇರ್‌ಡೆವಿಲ್ ಮುಸ್ತಾಫಾ’. ಕೊನೆಯದು 2023ರಲ್ಲಿ ಬಂದ ಹೊಸ ನಿರ್ದೇಶಕನ ಮೊದಲ ಚಿತ್ರ. ತೇಜಸ್ವಿಯ ಓದುಗರೇ ಹಣ ಕೂಡಿಸಿ ಮಾಡಿದ್ದು.

‘ತಬರನ ಕಥೆ’ಯನ್ನೂ ‘ಮುಸ್ತಾಫಾ’ವನ್ನೂ ಮೊದಲು ಓದಿ, ಆಮೇಲೆ ಎರಡೂ ಚಿತ್ರ ನೋಡಿ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನು ಕಾಸರವಳ್ಳಿ ತಣ್ಣಗೆ ಹಿಂಬಾಲಿಸುತ್ತಾರೆ, ನೋವು ನಮ್ಮೊಳಗೆ ಹೆಪ್ಪುಗಟ್ಟುತ್ತದೆ. ಶಶಾಂಕ್ ತಮ್ಮ ಚಿತ್ರವನ್ನು ಹುಡುಗಾಟಿಕೆಯ ಬಣ್ಣದಲ್ಲಿ ಅದ್ದಿ, ನಗಿಸುತ್ತಲೇ ಸೌಹಾರ್ದದ ಮಾತಿಗೆ ಬರುತ್ತಾರೆ. ಲೇಖಕ ಒಬ್ಬನೇ, ಸಂಕಲನ ಒಂದೇ, ಕಾಣುವ ಜಗತ್ತು ಎರಡು. ನಿರ್ದೇಶಕ ಏನು ಮಾಡುತ್ತಾನೆ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರವಿಲ್ಲ.

ಕಾಯುವುದನ್ನೂ ಕಲಿಯಿರಿ

ಕಿರುಚಿತ್ರದಿಂದ ದೊಡ್ಡ ತೆರೆಗೆ ಬರುವ ದಾರಿ ಉದ್ದದ್ದು, ಮೊದಲ ಚಿತ್ರದಿಂದ ಎರಡನೆಯದಕ್ಕೂ ಅಷ್ಟೇ. ‘ತಿಥಿ’ ಮಾಡಿದ ರಾಮ್ ರೆಡ್ಡಿಯವರ ಎರಡನೆಯ ಚಿತ್ರ ‘ದ ಫೇಬಲ್’ ಬರ್ಲಿನ್ ಮುಟ್ಟಿದ್ದು 2024ರಲ್ಲಿ. ಹಿಮಾಲಯದ ಹಣ್ಣಿನ ತೋಟದ ಮಾಲೀಕನ ಕಥೆ ಅದು. ಒಂದೊಂದಾಗಿ ಉರಿದುಹೋಗುವ ಮರಗಳನ್ನು ತೋಟದ ಊರಿನ ನೀವು ಬೇರೆಯದೇ ಎದೆಯಿಂದ ನೋಡುತ್ತೀರಿ. ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ ಬರ್ಲಿನಿಗೆ ಹೋದದ್ದು 2025ರಲ್ಲಿ, ‘ಪೆಡ್ರೊ’ ಬಂದ ನಾಲ್ಕು ವರ್ಷಕ್ಕೆ. ‘ದ ಫೇಬಲ್’, ‘ವಾಘಾಚಿಪಾಣಿ’ ಎರಡನ್ನೂ ಡಿಜಿಟಲ್ ಕಾಲದಲ್ಲಿ 16 ಎಂಎಂ ಫಿಲ್ಮಿನ ಮೇಲೆ ಚಿತ್ರೀಕರಿಸಿದರು. ಫಿಲ್ಮು ದುಬಾರಿ, ಒಂದೊಂದು ಶಾಟಿಗೂ ಮೊದಲೇ ಯೋಚಿಸಬೇಕು. ಕಿರುಚಿತ್ರದ ದಿನಗಳ ಶಿಸ್ತನ್ನು ಇಬ್ಬರೂ ಬೇಕೆಂದೇ ಮರಳಿ ತಂದುಕೊಂಡಿದ್ದಾರೆ.

ಕೂಡಿ ನೋಡಿ, ಮಾತಾಡಿ

ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ಜಗತ್ತಿನ ಶ್ರೇಷ್ಠ ಚಿತ್ರ ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು ಎಂಬ ಮಾತು ಅಂದೇ ಬಿದ್ದುಹೋಯಿತು. ಮಲ್ಲಂದೂರಿನ ಶಾಲೆಯ ಗೋಡೆ, ಒಂದು ಪ್ರೊಜೆಕ್ಟರು, ಹತ್ತು ಜನ, ಇಷ್ಟಿದ್ದರೆ ಇಲ್ಲೂ ಶುರುಮಾಡಬಹುದು. ತಿಂಗಳಿಗೊಂದು ಕಿರುಚಿತ್ರ, ಒಂದು ದೊಡ್ಡ ಚಿತ್ರ ಸಾಕು. ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಎಂಬ ಪ್ರಶ್ನೆ ಬದಿಗಿಟ್ಟು, ‘ಯಾವ ಶಾಟು ನೆನಪಲ್ಲಿ ಉಳಿಯಿತು?’ ಎಂದು ಪ್ರತಿಯೊಬ್ಬರನ್ನೂ ಕೇಳಿ.

ಕೊನೆಯದಾಗಿ ಒಂದು ವಿನಂತಿ. ಸ್ವತಂತ್ರ ಚಿತ್ರಕ್ಕೆ ಚಿತ್ರಮಂದಿರದಲ್ಲಿ ಸಿಗುವ ಕಾಲಾವಕಾಶ ಬಹಳ ಕಡಿಮೆ. ಮೊದಲ ದಿನಗಳಲ್ಲಿ ಜನ ಬಾರದಿದ್ದರೆ ಷೋ ತೆಗೆದುಬಿಡುತ್ತಾರೆ. ಚಿಕ್ಕಮಗಳೂರಿಗೆ ಅಂಥ ಚಿತ್ರ ಬಂದಾಗ ‘ಆಮೇಲೆ ಮೊಬೈಲಿನಲ್ಲಿ ನೋಡೋಣ’ ಎನ್ನಬೇಡಿ. ಮೊದಲ ವಾರವೇ ಟಿಕೆಟ್ ಕೊಂಡು, ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ.