ಬಣ್ಣ ಪರದೆಗಿರಲಿ, ಲಾಗ್ ಫೈಲಿಗೆ ಬೇಡ

ತಂತ್ರಾಂಶ ಓಡುವಾಗ ನಡೆದದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಾಖಲೆಯೇ ಲಾಗ್. ತಪ್ಪು ಕೆಂಪಾಗಿ, ಎಚ್ಚರಿಕೆ ಹಳದಿಯಾಗಿ ಕಾಣಲೆಂದು ಹಲವು ತಂತ್ರಾಂಶಗಳು ಸಾಲಿನ ಹಿಂದೆಮುಂದೆ ಸಂಕೇತ ಸೇರಿಸುತ್ತವೆ. 27ನೇ ಸಂಖ್ಯೆಯ ಎಸ್ಕೇಪ್ ಅಕ್ಷರ, ಒಂದು ಚೌಕ ಕಂಸ, 31, ಕೊನೆಗೆ ‘ಎಂ’. ಇಷ್ಟು ಬಂದರೆ ಆದೇಶ ಟೈಪಿಸುವ ಪರದೆಯಾದ ಟರ್ಮಿನಲ್ ಕೆಂಪಿಗೆ ತಿರುಗುತ್ತದೆ. ಈ ಸಂಕೇತಗಳನ್ನು ಫೈಲಿನಲ್ಲೂ ಉಳಿಸುವ ರೂಢಿ ಕೆಟ್ಟದ್ದು.

ಕೆಟ್ಟದ್ದು ಯಾರಿಗೆ ಎಂಬುದನ್ನು ಗದಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಿಂದಾಗಿ, ಕಣ್ಣು ಕಾಣದವರ ಕಲಿಕೆ ಈ ಊರಿಗೆ ಹೊಸದಲ್ಲ. ಅಂಥವರು ಕಂಪ್ಯೂಟರ್ ಬಳಸುವುದು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ. ಉಚಿತವಾಗಿ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದುತ್ತದೆ. ಬಣ್ಣದ ಸಂಕೇತ ತುಂಬಿದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅದಕ್ಕೆ ಕೆಂಪು ಸಿಗುವುದಿಲ್ಲ, ಸಾಲುಸಾಲಿಗೂ ‘31 ಎಂ’, ‘0 ಎಂ’ ಎಂಬ ಕಸ ಸಿಗುತ್ತದೆ. ಬ್ರೈಲ್ ಫಲಕದ ಮೇಲೆ ಬೆರಳಾಡಿಸುವವರ ಪಾಡೂ ಅದೇ. ತಪ್ಪಾಗಿದೆ ಎಂಬ ಮಾತನ್ನು ಅಕ್ಷರದಲ್ಲಿ ಬರೆಯದೆ ಬರೀ ಬಣ್ಣಕ್ಕೆ ಬಿಟ್ಟಿದ್ದರಂತೂ ಸುದ್ದಿಯೇ ಅವರಿಗೆ ಮುಟ್ಟದು. ಇದು ಅನ್ಯಾಯ.

ಕಣ್ಣಿದ್ದವರಿಗೂ ಸುಖವಿಲ್ಲ. ‘ಎರರ್’ ಪದದಿಂದ ಶುರುವಾಗುವ ಸಾಲುಗಳನ್ನು ಪದ ಹುಡುಕುವ ಆದೇಶವಾದ ಗ್ರೆಪ್‌ನಿಂದ ಹುಡುಕಿದರೆ ಒಂದೂ ಸಿಗದೆ ಹೋಗಬಹುದು, ಏಕೆಂದರೆ ಸಾಲು ಶುರುವಾಗುವುದು ಎಸ್ಕೇಪ್ ಅಕ್ಷರದಿಂದ. ಲಿನಕ್ಸಿನಲ್ಲಿ ಲಾಗ್ ಬರೆದಿಡುವ ಆರ್‌ಸಿಸ್‌ಲಾಗ್ ಆ ಅಕ್ಷರವನ್ನು ‘#033’ ಎಂದು ಬದಲಿಸಿ ಬರೆದಾಗ ಬಣ್ಣವೂ ಹೋಗುತ್ತದೆ, ಓದೂ ಕೆಡುತ್ತದೆ.

ಇಂಥ ಸಂಕೇತಗಳನ್ನು ಜನಪ್ರಿಯಗೊಳಿಸಿದ್ದು 1978ರ ವಿಟಿ100 ಟರ್ಮಿನಲ್. ಅದರಲ್ಲಿ ಬಣ್ಣವೇ ಇರಲಿಲ್ಲ! ಕರ್ಸರ್ ಎಲ್ಲಿ ನಿಲ್ಲಬೇಕು, ಯಾವ ಅಕ್ಷರ ದಪ್ಪಗಾಗಬೇಕು ಎಂದು ಯಂತ್ರಕ್ಕೆ ಕೊಡುವ ಅಪ್ಪಣೆಗಳವು. ದಾಖಲೆಯ ಮಾತಿನೊಳಗೆ ಅವು ಬೆರೆಯಬಾರದು.

ಬಣ್ಣದ ಪರ ನಿಲ್ಲುವವರ ಮಾತಿನಲ್ಲೂ ಹುರುಳಿದೆ. ಸಾವಿರಾರು ಸಾಲುಗಳ ನಡುವೆ ಕೆಂಪು ಸಾಲು ತಟ್ಟನೆ ಕಣ್ಣಿಗೆ ಬೀಳುತ್ತದೆ. ಫೈಲನ್ನು ಪುಟಪುಟವಾಗಿ ತೋರಿಸುವ ‘ಲೆಸ್ -ಆರ್’ ಆದೇಶ ಕೊಟ್ಟರೆ ಫೈಲಿನಲ್ಲಿ ಉಳಿದ ಬಣ್ಣವೂ ಕಾಣುತ್ತದೆ. ಆದರೆ ಆ ಬಣ್ಣವನ್ನು ಓದುವ ಹೊತ್ತಿಗೆ ಹಚ್ಚಿಕೊಳ್ಳಬಹುದು. ಬೇಕಾದ ಪದಕ್ಕೆ ಬಣ್ಣ ಕೊಡಲು ಗ್ರೆಪ್ ಒಂದೇ ಸಾಕು. ಬರಹ ಹೋಗುತ್ತಿರುವುದು ಟರ್ಮಿನಲ್ಲಿಗೋ ಫೈಲಿಗೋ ಎಂದು ತಂತ್ರಾಂಶ ತಾನೇ ಕೇಳಿ ತಿಳಿಯಬಲ್ಲದು. ‘ಆಟೋ’ ಆಯ್ಕೆಯಲ್ಲಿ ಗ್ರೆಪ್, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಮಾಡುವುದು ಅದನ್ನೇ. ಬಣ್ಣ ಬೇಡವೆನ್ನುವವರಿಗಾಗಿ 2017ರಿಂದ ‘ನೋ ಕಲರ್’ ಎಂಬ ಒಪ್ಪಂದವೂ ಇದೆ.

ಗದಗಿನ ತೋಂಟದಾರ್ಯ, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಿನ ಲಾಗ್ ಫೈಲನ್ನು ಒಪ್ಪಿಸುವ ಮೊದಲು ಎನ್‌ವಿಡಿಎಯಿಂದ ಒಮ್ಮೆ ಓದಿಸಿ ಕೇಳಲಿ.