ವಾಗೆನ್ನರ ಲಕ್ಷಣವಾಕ್ಯಗಳು

ಝೇಲಮ್ ಮತ್ತು ಸಿಂಧುನದಗಳ ನಡುವೆ, ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನಲ್ಲಿ, ಲವಣಶ್ರೇಣಿಯೆಂಬ ಪರ್ವತಪಂಕ್ತಿಯಿರುವುದು. ನಮ್ಮ ವೈದ್ಯರು ಸೈಂಧವವೆಂದು ಕರೆಯುವ ಕಲ್ಲುಪ್ಪಿಗೆ ಆ ಪ್ರಾಂತವು ಪ್ರಸಿದ್ಧವಾಗಿದೆ. ಅಲ್ಲಿ ಉಪ್ಪಿನ ಸ್ತರಗಳಿಗಿಂತ ಮೇಲೆ, ೨೫ ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಲದಲ್ಲಿ ನೆಲೆಗೊಂಡ ಸುಣ್ಣಕಲ್ಲು ಉಂಟು. ಅದರಲ್ಲಿ ಶಿಲೀಭೂತವಾಗಿರುವ ಬ್ರಾಕಿಯೊಪಾಡುಗಳೆಂಬ ಚಿಪ್ಪುಜೀವಿಗಳನ್ನು ವಿಲ್ಹೆಲ್ಮ್ ವಾಗೆನ್ ಎಂಬ ಜರ್ಮನ್ ವಿದ್ವಾಂಸರು ೧೮೮೨ರಿಂದ ೧೮೮೫ರ ವರೆಗೆ 'ಪೇಲಿಯಂಟಾಲಾಜಿಯ ಇಂಡಿಕ' ಗ್ರಂಥಮಾಲೆಯಲ್ಲಿ ವರ್ಣಿಸಿದರು. ಭೂವಿಜ್ಞಾನಿಗಳು ಇದನ್ನು ಬಹುವಾಗಿ ಪರೀಕ್ಷಿಸಿರುವರು. ಇದನ್ನು ಲಕ್ಷಣಗ್ರಂಥವೆಂದು ಭಾವಿಸಿ ಪರಿಶೀಲಿಸುವುದಷ್ಟೇ ನನ್ನ ಉದ್ದೇಶ.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿರಬಾರದೆಂಬುದು ವಾಚಕರಿಗೆ ವಿದಿತವೇ ಇದೆ. ಬ್ರಾಕಿಯೊಪಾಡನ್ನು 'ಎರಡು ಹೋಳಿನ ಚಿಪ್ಪುಳ್ಳದ್ದು' ಎಂದರೆ ಆ ಮಾತು ನಮ್ಮ ಕರಾವಳಿಯ ಮರುವಾಯಿಗೂ ಅನ್ವಯಿಸಿ ಅತಿವ್ಯಾಪ್ತವಾಗುವುದು. ಮರುವಾಯಿಯ ಎಡಹೋಳಿಗೂ ಬಲಹೋಳಿಗೂ ಸಾಮ್ಯವುಂಟು. ಒಂದೇ ಹೋಳನ್ನು ಕೈಯಲ್ಲಿ ಹಿಡಿದರೆ ಅದು ಒಂದು ಕಡೆಗೆ ವಾಲಿರುವುದು. ಬ್ರಾಕಿಯೊಪಾಡಿನಲ್ಲಿ ಪ್ರಾಯಶಃ ಇದಕ್ಕೆ ವಿಪರೀತ: ಹೋಳುಗಳೆರಡೂ ಪರಸ್ಪರ ಭಿನ್ನ, ಆದರೆ ಒಂದೊಂದರ ನಡುವೆಯೂ ಗೆರೆಯೆಳೆದರೆ ಎಡಬಲಗಳು ಸರಿಹೊಂದುವುವು. ವ್ಯಾವರ್ತಕಧರ್ಮವೆಂದರೆ ಇಂತಹುದು.

ಈಗ ಮುಖ್ಯ ಉದಾಹರಣೆಗೆ ಬರುವೆನು. ಲವಣಶ್ರೇಣಿಯಲ್ಲಿ ದೊರೆತ ಒಂದು ಚಿಪ್ಪನ್ನು ಬೆಲ್ಜಿಯಮಿನ ಡ ಕೊನಿಂಕ್ ಪಂಡಿತರು ೧೮೬೩ರಲ್ಲಿ ಬೆಲ್ಲರೊಫಾನ್ ಕುಲಕ್ಕೆ, ಎಂದರೆ ಬಸವನಹುಳುವಿನ ವರ್ಗಕ್ಕೆ, ಸೇರಿಸಿದರು. ಬಟ್ಟಲಿನಂತೆ ಉಬ್ಬಿ ತುದಿಯು ಒಳಕ್ಕೆ ಸುತ್ತಿಕೊಂಡಿರುವ ಅದರ ಹೊರಮೈಯನ್ನು ನೋಡಿದವರಿಗೆ ಈ ಭ್ರಮೆಯು ಸಹಜವೇ. ವಾಗೆನ್ ಮಹಾಶಯರು ಒಳಗನ್ನು ಪರಿಶೀಲಿಸಿದರು. ಅಲ್ಲಿ ನಡುವಿನಿಂದ ಇಬ್ಬದಿಗೂ ಸಾಲಾಗಿ ಹೊರಟ ಏಣುಗಳು. ಅವುಗಳ ನಡುವಣ ಎಡೆಗಳಿಗೆ ಹೊಂದುವಂತೆ ಸೀಳುಸೀಳಾದ ತೆಳುಹಲಗೆಯಂತಹ ಎರಡನೆಯ ಹೋಳು. ಬಸವನಹುಳುವಿನಲ್ಲಿ ಇದು ಅಸಂಭವ. ಆದುದರಿಂದ ೧೮೮೩ರಲ್ಲಿ ಅವರು ಭಾರತೀಯ ಭೂವಿಜ್ಞಾನ ಸರ್ವೇಕ್ಷಣದ ಮೊದಲ ಅಧ್ಯಕ್ಷರಾದ ಥಾಮಸ್ ಓಲ್ಡ್‌ಹ್ಯಾಮರ ಹೆಸರಿನಿಂದ 'ಓಲ್ಡ್‌ಹ್ಯಾಮಿನ' ಎಂಬ ಹೊಸ ಕುಲವನ್ನು ಕಲ್ಪಿಸಿದರು. ಹಳೆಯ ಪ್ರಭೇದನಾಮವಾದ 'ಡೆಸಿಪಿಯೆನ್ಸ್' ಹಾಗೆಯೇ ಉಳಿಯಿತು. ಲ್ಯಾಟಿನಿನಲ್ಲಿ ಅದಕ್ಕೆ 'ವಂಚಿಸುವುದು' ಎಂದರ್ಥ! ಕೊಟ್ಟವರನ್ನೇ ವಂಚಿಸಿದ ಹೆಸರು ಇದಕ್ಕಿಂತ ಬೇರೆ ಬೇಕೆ?

ಆದರೂ ಗ್ರಂಥವು ಸರ್ವತ್ರ ಈ ಮಟ್ಟದಲ್ಲಿಲ್ಲ. ಪ್ರೊಡಕ್ಟಸ್ ಕುಲದ ಪ್ರಭೇದಗಳನ್ನು ಹೇಳುವಲ್ಲಿ ಗೆರೆಗಳ ಒತ್ತು, ಮುಳ್ಳಿನ ಬುಡ, ಅಂಚಿನ ಆಕಾರ ಇವೇ ಪುನಃ ಪುನಃ ಬಂದು ಓದುಗನಿಗೆ ಬೇಸರವಾಗುವುದು. ಕೆಲವೆಡೆ ಇದು ಪ್ರಭೇದವೋ ಕೇವಲ ವ್ಯಕ್ತಿಭೇದವೋ ಎಂಬ ಶಂಕೆಯೂ ಹುಟ್ಟುವುದು. ಕಾಲಾಂತರದಲ್ಲಿ ಆಗುವ ಭೇದವನ್ನು ಬೇರೆ ಭೇದಗಳಿಂದ ಪ್ರತ್ಯೇಕಿಸಿ ೧೮೬೯ರಲ್ಲಿಯೇ 'ಮ್ಯೂಟೇಷನ್' ಎಂದು ಹೆಸರಿಟ್ಟವರು ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಬೇಕಿತ್ತು. ಪ್ರೊಡಕ್ಟಸ್ ಎಂಬ ಹೆಸರೂ ಆಗ ಅತಿವ್ಯಾಪ್ತವಾಗಿಯೇ ಇದ್ದಿತು. ಅದರಿಂದ ೧೮೮೪ರಲ್ಲಿ ಮಾರ್ಜಿನಿಫೆರವನ್ನು ವಾಗೆನ್ನರೇ ಬೇರ್ಪಡಿಸಿದರು; ಮುಂದೆ ಇತರರು ಮತ್ತಷ್ಟು ಕುಲಗಳನ್ನು ಒಡೆದು ತೆಗೆದರು, ೧೯೨೭ರಲ್ಲಿ ಒಂದಕ್ಕೆ ವಾಗೆನ್ನರ ಹೆಸರೇ ಬಂದು 'ವಾಗೆನೊಕಾಂಕ' ಎಂದಾಯಿತು. ಹೆಸರುಗಳು ಹೀಗೆ ಚದುರಿದರೂ ವರ್ಣನೆಗಳು ನಿಷ್ಪ್ರಯೋಜಕವಾಗಲಿಲ್ಲ. ಯಾವ ಅವಯವವು ಎಲ್ಲಿ, ಹೇಗೆ ಇದೆಯೆಂದು ಬರೆದಿಟ್ಟುದರಿಂದಲೇ ಬಂದವರಿಗೆ ತಿದ್ದಲು ಸಾಧ್ಯವಾಯಿತು.

ಕನ್ನಡದಲ್ಲಿ ಶಾಸ್ತ್ರಪಾಠಗಳನ್ನು ಬರೆಯುವವರು ಇದನ್ನು ಗಮನಿಸಬೇಕೆಂದು ನನ್ನ ಪ್ರಾರ್ಥನೆ. ಬ್ರಾಕಿಯೊಪಾಡ್ ಎಂಬ ಗ್ರೀಕ್ ಸಮಾಸವನ್ನು ಬಿಡಿಸಿ 'ಬಾಹುಪಾದಿ' ಎಂದು ಸಂಸ್ಕೃತೀಕರಿಸಲು ನನ್ನಂತಹವನಿಗೂ ಚಾಪಲ್ಯವಾಗುವುದು. ಆದರೆ ಆ ಜೀವಿಯ ತೋಳುಗಳು ನೀರಿನಿಂದ ಆಹಾರವನ್ನು ಸಂಗ್ರಹಿಸುವ ಅಂಗಗಳೇ ಹೊರತು ಪಾದಗಳಲ್ಲ. ಪೂರ್ವಿಕರ ತಪ್ಪು ಗ್ರೀಕ್ ಶಬ್ದದಲ್ಲಿ ರೂಢಿಯ ಹಿಂದೆ ಅಡಗಿರುವುದು, ನಮ್ಮ ಶಬ್ದದಲ್ಲಿ ಯೋಗಾರ್ಥವಾಗಿ ಎದ್ದು ಕುಳಿತುಕೊಳ್ಳುವುದು. ವಿದ್ಯಾರ್ಥಿಯು ಇಲ್ಲದ ಕಾಲನ್ನು ಹುಡುಕುವನು. ಆದುದರಿಂದ ರೂಢಶಬ್ದವನ್ನೇ ಕನ್ನಡ ಲಿಪಿಯಲ್ಲಿ ಇರಿಸಿ, ಹೋಳುಗಳ ಭೇದವನ್ನೂ ಎಡಬಲಗಳ ಸಾಮ್ಯವನ್ನೂ ಅದರ ಮುಂದಿನ ವಾಕ್ಯದಲ್ಲಿಯೇ ತಿಳಿಸುವುದು ಯುಕ್ತವೆಂದು ನನಗೆ ತೋರುತ್ತದೆ.