ಜ್ವರದ ಪೂರ್ವವೃತ್ತಾಂತ ಮತ್ತು ಔಷಧದ ಆಯ್ಕೆ: ಒಂದು ವಿಮರ್ಶೆ

ಸ್ಕ್ರಬ್ ಟೈಫಸ್ ಮೊದಲಾದ ರಿಕೆಟ್ಸಿಯಾ ಜ್ವರಗಳ ನಿದಾನ ಮತ್ತು ಚಿಕಿತ್ಸೆಯನ್ನು ಕುರಿತು ಆರೋಗ್ಯ ಸಂಶೋಧನಾ ಇಲಾಖೆಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ 2015ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿದುವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಔಷಧವನ್ನು ಆರಿಸುವ ಹೊಣೆಯನ್ನು ಒಪ್ಪಿಸಿದುದು ಈ ಬರಹದ ಹಿರಿಮೆ. ಔಷಧಗಳ ಗುಣದೋಷವಿಚಾರ ವೈದ್ಯಶಾಸ್ತ್ರಜ್ಞರಿಗೆ ಸೇರಿದುದು. ಲಿಖಿತವೊಂದು ಯಾವ ಸನ್ನಿವೇಶಕ್ಕಾಗಿ ರಚಿತವಾಯಿತು, ಊರೊಂದರ ವಾಸ್ತವದಲ್ಲಿ ಅದು ಹೇಗೆ ನಡೆಯಬಲ್ಲುದು ಎಂಬುದನ್ನು ಪರಿಶೀಲಿಸುವುದು ಇತಿಹಾಸದ ಅಭ್ಯಾಸಿಗಳಾದ ನಮ್ಮ ಕೆಲಸ. ಕರ್ನಾಟಕದ ಹಲವು ಜಿಲ್ಲೆಗಳಿಂದ ಈ ಜ್ವರ ವರದಿಯಾಗಿರುವುದರಿಂದ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಅದನ್ನು ಓದಲು ಯತ್ನಿಸಿದ್ದೇವೆ.

ಮೊದಲನೆಯ ತೊಡಕು ಹೆಸರಿನದು. ಈ ಸೀಮೆಯಲ್ಲಿ ನುಸಿ ಎಂದೊಡನೆ ನೆನಪಾಗುವುದು 1990ರ ದಶಕದ ಕೊನೆಯಿಂದ ದಕ್ಷಿಣ ಭಾರತದ ತೆಂಗಿನ ಕಾಯನ್ನು ಕಾಡಿದ ನುಸಿ. ಉಣ್ಣೆ ಎಂದರೆ ದನಕರುಗಳದು, ಇಲ್ಲವೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯದು. ಸ್ಕ್ರಬ್ ಟೈಫಸ್ಸನ್ನು ಹರಡತಕ್ಕುದು ಪೊದೆ, ಹುಲ್ಲು, ಇಲಿಗಳ ನಡುವೆ ಬಾಳುವ ಬೇರೊಂದು ನುಸಿಯ ಮರಿ. ಮಂಗನ ಕಾಯಿಲೆ ವೈರಸ್ಸಿನದಾದುದರಿಂದ ಅದಕ್ಕೆ ಪ್ರತಿಜೀವಕಗಳು ನಾಟವು. ಅಮೆರಿಕದ ಲೈಮ್ ಪ್ರದೇಶದಲ್ಲಿ 1975ರಿಂದ ಪರಿಶೋಧಿತವಾದ, ಉಣ್ಣೆಯಿಂದಲೇ ಬರುವ ಲೈಮ್ ರೋಗದ ಆರಂಭದಲ್ಲಿ ಡಾಕ್ಸಿಸೈಕ್ಲಿನ್, ಅಮಾಕ್ಸಿಸಿಲಿನ್ ಎರಡೂ ಸಲ್ಲುತ್ತವೆ. ಸ್ಕ್ರಬ್ ಟೈಫಸ್ಸಿನಲ್ಲಿಯಾದರೋ ಮೊದಲನೆಯದು ಮಾತ್ರ ಸಲ್ಲುತ್ತದೆ. ಜೀವಕೋಶದ ಒಳಗೆ ನೆಲಸುವ ಅದರ ರೋಗಾಣುವಿನ ಮೇಲೆ ಪೆನಿಸಿಲಿನ್, ಸೆಫಲೋಸ್ಪೊರಿನ್ ವರ್ಗದ ಔಷಧಗಳು ನಿಷ್ಫಲ. ಕಚ್ಚಿದ ಕೀಟದ ಹೋಲಿಕೆಯಿಂದ ಔಷಧವನ್ನು ಊಹಿಸುವಂತಿಲ್ಲವೆಂಬುದು ಇದರಿಂದ ಸುವ್ಯಕ್ತ.

ಎರಡನೆಯ ತೊಡಕು ಮಾರ್ಗಸೂಚಿಯೊಳಗಿನದೇ. ರೋಗದ ಶಂಕೆಯುಂಟಾದಲ್ಲಿ ಪ್ರಯೋಗಾಲಯದ ದೃಢೀಕರಣಕ್ಕೆ ಕಾಯದೆ ಚಿಕಿತ್ಸೆಯನ್ನು ಆರಂಭಿಸಬೇಕೆಂದು ಅದು ಒಂದೆಡೆ ಹೇಳುತ್ತದೆ. ಇನ್ನೊಂದೆಡೆ, 5 ದಿನ ಅಥವಾ ಅದಕ್ಕಿಂತ ಹೆಚ್ಚಿನ ಜ್ವರದಲ್ಲಿ ಮಲೇರಿಯಾ, ಡೆಂಗೆ, ಟೈಫಾಯಿಡ್‌ಗಳು ಇಲ್ಲವೆಂದು ತಿಳಿದ ಬಳಿಕ ಔಷಧ ಕೊಡಬೇಕೆನ್ನುತ್ತದೆ: ವಯಸ್ಕರಿಗೆ ದಿನಕ್ಕೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎರಡು ಪಾಲಾಗಿ 7 ದಿನ, ಇಲ್ಲವೆ 500 ಮಿಲಿಗ್ರಾಂ ಅಜಿತ್ರೊಮೈಸಿನ್ 5 ದಿನ, ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ಮಾತ್ರ. ಪ್ರತಿಯೊಂದು ಜ್ವರಕ್ಕೂ ಪ್ರತಿಜೀವಕ ಬೇಡವೆಂಬ ಈ ಎಚ್ಚರ ನ್ಯಾಯವಾದುದೇ. ಆದರೆ ಮಲೇರಿಯಾ, ಡೆಂಗೆಗಳಿಗೆ ಶೀಘ್ರಪರೀಕ್ಷೆಗಳುಂಟು. ಟೈಫಾಯಿಡಿಗೆ ರಕ್ತದ ಕಲ್ಚರ್ ದೊರೆಯದೆಡೆಯಲ್ಲಿ ಉಳಿಯುವುದು ವಿಡಾಲ್ ಪರೀಕ್ಷೆ. ಹಿಂದೆಂದೋ ಬಂದುಹೋದ ಸೋಂಕೂ ಅದರಲ್ಲಿ ರೋಗವಿರುವಂತೆ ತೋರಬಲ್ಲುದು. ಆಗ ಟೈಫಾಯಿಡ್ ಎಂಬ ಹೆಸರು ಬಿದ್ದು ಸೆಫಲೋಸ್ಪೊರಿನ್ ಆರಂಭವಾಗುತ್ತದೆ. ನಿಜವಾದ ರೋಗ ಸ್ಕ್ರಬ್ ಟೈಫಸ್ ಆಗಿದ್ದಲ್ಲಿ ಅದು ಶ್ವಾಸಕೋಶ, ಮೂತ್ರಪಿಂಡ, ಮೆದುಳುಗಳನ್ನು ಮುಟ್ಟುವಷ್ಟು ಕಾಲ ಕಳೆದುಹೋಗುತ್ತದೆ.

ಈ ತೆರವನ್ನು ತುಂಬಬಲ್ಲುದು ರೋಗಿಯ ಪೂರ್ವವೃತ್ತಾಂತವೆಂದು ನಮ್ಮ ಅಭಿಪ್ರಾಯ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ–ಬರ್ಮಾ ಗಡಿಯ ಸೈನಿಕರನ್ನು ಈ ಜ್ವರ ಕಾಡಿತು. 1948ರಲ್ಲಿ ಮಲಯದಲ್ಲಿ ಕ್ಲೋರಾಂಫೆನಿಕಾಲ್ ಅದಕ್ಕೆ ಮದ್ದೆಂದು ಸಿದ್ಧವಾಯಿತು. ಅಂದು ಪೊದೆಗಾಡಿನಲ್ಲಿ ನಡೆದುಬಂದ ಸೈನಿಕನೆಂಬುದೇ ಶಂಕೆಗೆ ಸಾಕಾಗುತ್ತಿದ್ದಿತು. ತೆಂಗಿನ ಸೀಮೆಯ ಕೂಲಿಗೆ ಅಂತಹ ಗುರುತಿಲ್ಲ, ಕೇಳಿಯೇ ತಿಳಿಯಬೇಕು. ಹಿಂದಿನ ಎರಡು ಮೂರು ವಾರಗಳಲ್ಲಿ ಬೇಲಿಸಾಲಿನ ಪೊದೆ ಕಡಿದರೆ, ತೋಟದ ಹುಲ್ಲು ಕೊಯ್ದರೆ, ಕಳೆಯ ನಡುವೆ ಬಿದ್ದ ಕಾಯಿ ಆಯ್ದರೆ? ಕಂಕುಳು, ತೊಡೆಸಂದುಗಳಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇದೆಯೆ? ಹಕ್ಕಳೆ ಎಲ್ಲರಲ್ಲಿಯೂ ಕಾಣದೆಂಬುದರಿಂದ ಮೊದಲಿನ ಪ್ರಶ್ನೆಗಳ ಬೆಲೆ ಹೆಚ್ಚುತ್ತದೆ.

ತೀವ್ರಾವಸ್ಥೆಯಲ್ಲಿ ಎರಡೂ ಔಷಧಗಳನ್ನು ಕೂಡಿಸಿ ರಕ್ತನಾಳದ ಮೂಲಕ ಕೊಡುವುದು ಮೇಲೆಂದು 2023ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿದೆ. ಅದು ದೊಡ್ಡ ಆಸ್ಪತ್ರೆಯ ಕೆಲಸ. ಮೊದಲ ವಾರದ ಗುಳಿಗೆಯಾದರೋ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಸಾಧ್ಯ. ಆದುದರಿಂದ, ವಿಡಾಲ್ ಫಲಿತಾಂಶವೊಂದರಿಂದಲೇ ಸ್ಕ್ರಬ್ ಟೈಫಸ್ಸಿನ ಶಂಕೆಯನ್ನು ಬಿಡಕೂಡದೆಂಬ ಒಂದು ವಾಕ್ಯವೂ, ರೋಗಿಯ ಕೆಲಸವನ್ನು ಕುರಿತ ನಾಲ್ಕು ಪ್ರಶ್ನೆಗಳೂ ಆ ಮಾರ್ಗಸೂಚಿಗೆ ಸೇರತಕ್ಕುವು.